ಅಜ್ಜಿ ನೋಡದ ಮುಂಬೈ

ಕಳೆದ ತಿಂಗಳು ನಮ್ಮ ನೆರೆಮನೆಯ ಸಹೋದರಿಯೊಬ್ಬರು ಮುಂಬೈಗೆ ಹೋಗಿ ಹತ್ತು ದಿನ ಇದ್ದು ಬಂದರು. "ಏನೆಲ್ಲ ನೋಡಿದಿರಿ?" ಎಂದು ಆಸೆಯಿಂದ ಕೇಳಿದೆ. "ನೋಡುವುದೇನು ಟೀಚರ್? ನಾದಿನಿಯ ಫ್ಲ್ಯಾಟಿನಲ್ಲಿದ್ದೆವು. ಮದುವೆಯ ಹಾಲ್‌ಗೆ ಹೋದೆವು. ಒಂದು ದಿನ ಮಾಲ್‌ಗೆ ಕರೆದುಕೊಂಡು ಹೋದರು. ಮತ್ತೆ ರೈಲು ಹತ್ತಿದೆವು" ಎಂದರು.

ಪ್ರಿಯ ಓದುಗರೇ, ನಿಮ್ಮಲ್ಲಿ ಎಷ್ಟು ಮಂದಿಯ ಮುಂಬೈ ಪ್ರಯಾಣ ಹೀಗೆಯೇ ಮುಗಿದಿರಬಹುದು? ಮದುವೆ, ಮರಣ, ಆಸ್ಪತ್ರೆ - ಇವುಗಳಲ್ಲಿ ಒಂದು ಕಾರಣವಿಲ್ಲದೆ ನಾವು ಹೆಂಗಸರು ಊರು ಬಿಡುವುದು ಕಡಿಮೆ. ಬಿಟ್ಟರೂ ಒಂದು ಅಡುಗೆಮನೆಯಿಂದ ಇನ್ನೊಂದು ಅಡುಗೆಮನೆಗೆ ಹೋಗಿ ಬರುತ್ತೇವೆ. ಭೂಮಿಯಲ್ಲಿ ಸಂಚರಿಸಿ ಕಣ್ತೆರೆದು ನೋಡಬೇಕೆಂದು ಪವಿತ್ರ ಕುರ್‌ಆನ್ ಹಲವೆಡೆ ಕರೆ ಕೊಡುತ್ತದೆ. ಆ ಕರೆ ಗಂಡಸರಿಗೆ ಮಾತ್ರ ಎಂದು ನನಗೆ ಮದ್ರಸದಲ್ಲಿ ಯಾರೂ ಕಲಿಸಲಿಲ್ಲ.

ಈ ಮಾತು ನನಗೆ ಇಷ್ಟು ತಾಗುವುದಕ್ಕೆ ಕಾರಣವಿದೆ. ಗಲ್ಫಿನ ಬಾಗಿಲು ತೆರೆಯುವ ಮೊದಲು ನಮ್ಮ ಕರಾವಳಿಯ ಅನೇಕ ಮನೆಗಳಿಗೆ ಅನ್ನ ಕೊಟ್ಟದ್ದು ಮುಂಬೈ. ನನ್ನ ಅಜ್ಜ, ಅಂದರೆ ಉಮ್ಮನ ತಂದೆ, ಅಲ್ಲಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಹದಿನೈದು ಜನ ಪಾಳಿಯಲ್ಲಿ ಮಲಗುವ ಒಂದು ಕೋಣೆಯಲ್ಲಿ ಇಪ್ಪತ್ತು ವರ್ಷ ಕಳೆದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ತಿಂಗಳಿಗೊಂದು ಮನಿಯಾರ್ಡರ್, ಅದರ ಹಿಂದೆಯೇ ಒಂದು ಕಾಗದ. ಅಜ್ಜಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಕಾಗದವನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಳ್ಳುತ್ತಿದ್ದರು. ಅದರಲ್ಲಿ ಪದೇ ಪದೇ ಬರುತ್ತಿದ್ದ ಹೆಸರು 'ಯೆಲ್ಲೋ ಗೇಟ್'. ಹಾಗೆಂದರೆ ಹಳದಿ ಬಾಗಿಲು ಎಂದು ಆ ಹುಡುಗ ಅರ್ಥ ಹೇಳಿದ. ಮುಂಬೈ ಪಟ್ಟಣಕ್ಕೆ ಹಳದಿ ಬಣ್ಣದ ಒಂದು ಬಾಗಿಲಿದೆ, ಅದನ್ನು ತಟ್ಟಿದರೆ ಒಳಗೆ ಬಿಡುತ್ತಾರೆ ಎಂದು ನಮ್ಮ ಅಜ್ಜಿ ಬಹಳ ಕಾಲ ನಂಬಿದ್ದರು. ಒಮ್ಮೆಯೂ ಅದನ್ನು ನೋಡದೆ ಅವರು ತೀರಿಕೊಂಡರು.

ನನ್ನ ಉಮ್ಮನಿಗೆ ಈಗ ಎಪ್ಪತ್ತರ ಹತ್ತಿರ. ಎರಡು ವರ್ಷಗಳ ಹಿಂದೆ ಮೊಣಕಾಲು ನೋವು ಶುರುವಾದಾಗ, "ಮುಂಬೈ ನೋಡಬೇಕು ಎಂದಿತ್ತು, ಇನ್ನು ಆಗುವುದಿಲ್ಲ" ಎಂದು ಒಂದು ದಿನ ಮೆಲ್ಲನೆ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಡಿಸೆಂಬರ್ ರಜೆಗೆ ಟಿಕೆಟ್ ತೆಗೆದೆವು: ಉಮ್ಮ, ನಮ್ಮ ಮನೆಯವರು, ಮಗಳು ಮತ್ತು ನಾನು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮಂಗಳೂರಿನಿಂದ ಮುಂಬೈಗೆ ಒಂದು ರಾತ್ರಿಯ ದಾರಿ. ನಾವು ನೋಡಿದ್ದನ್ನು ನಿಮಗೂ ಹೇಳುತ್ತೇನೆ. ಮುಂದಿನ ಸಲ ಹೋದಾಗ ನಿಮಗೆ ಉಪಯೋಗವಾಗಲಿ.

ಮೊದಲ ದಿನ ಕೋಟೆ ಪ್ರದೇಶದಿಂದ ಆರಂಭಿಸಿದೆವು. ಅಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣವಾದರೂ ನೋಡಲು ಅರಮನೆಯಂತಿದೆ. 1888ರಲ್ಲಿ ಕಟ್ಟಿ ಮುಗಿಸಿದ ಇದನ್ನು 2004ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲ್ಲರೂ ಅದರ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ಒಮ್ಮೆ ತಿರುಗಿ ಎದುರಿನ ಕಟ್ಟಡವನ್ನೂ ನೋಡಿ. ಅದು ಅಂಜುಮನ್-ಎ-ಇಸ್ಲಾಂ ಶಾಲೆ. ನ್ಯಾಯವಾದಿ ಬದ್ರುದ್ದೀನ್ ತಯ್ಯಬ್‌ಜಿ ಮತ್ತು ಸಂಗಡಿಗರು 1874ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಅಷ್ಟು ಹಿಂದೆಯೇ ಸಮುದಾಯದ ಮಕ್ಕಳಿಗೆ ಆಧುನಿಕ ವಿದ್ಯೆ ಬೇಕೆಂದು ಯೋಚಿಸಿದವರಿದ್ದರು ಎಂದು ಮಗಳಿಗೆ ತೋರಿಸಿದೆ. ಒಬ್ಬ ಶಿಕ್ಷಕಿಯಾಗಿ ನನಗೆ ಆ ನಿಲ್ದಾಣಕ್ಕಿಂತ ಈ ಶಾಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕೆನಿಸಿತು.

ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಕ್ರಾಫರ್ಡ್ ಮಾರ್ಕೆಟ್. 1869ರಲ್ಲಿ ಕಟ್ಟಿದ್ದು. ಹಣ್ಣು, ಒಣಹಣ್ಣು, ಮಸಾಲೆ ಎಲ್ಲವೂ ಒಂದೇ ಸೂರಿನಡಿ. ಇದರ ಹತ್ತಿರವೇ ಸಾಬೂ ಸಿದ್ದೀಕ್ ಮುಸಾಫಿರ್‌ಖಾನೆ. ಹಡಗಿನಲ್ಲಿ ಹಜ್ಜ್‌ಗೆ ಹೋಗುತ್ತಿದ್ದ ಕಾಲದಲ್ಲಿ ದೇಶದ ಮೂಲೆ ಮೂಲೆಗಳಿಂದ ಬಂದ ಯಾತ್ರಿಕರು ಇಲ್ಲಿ ಉಳಿದು ಹಡಗಿಗಾಗಿ ಕಾಯುತ್ತಿದ್ದರು. ಹಣ ಸಾಲದೆಯೋ ಹಡಗು ತಪ್ಪಿಯೋ ಮುಂಬೈಯಿಂದಲೇ ಊರಿಗೆ ಹಿಂತಿರುಗಿದವರನ್ನು ಹಿಂದಿನವರು 'ಬೊಂಬಾಯಿ ಹಾಜಿ' ಎಂದು ಕರೆಯುತ್ತಿದ್ದರಂತೆ. ನಗಬೇಕೋ ಅಳಬೇಕೋ ತಿಳಿಯದ ಹೆಸರು! ಜಿದ್ದಾಕ್ಕೆ ಹೋಗುತ್ತಿದ್ದ ಹಜ್ಜ್ ಹಡಗು 1995ರಲ್ಲಿ ನಿಂತಿತು.

ಸ್ವಲ್ಪ ಮುಂದೆ ಜಾಮಾ ಮಸೀದಿ. ಎರಡು ಶತಮಾನಗಳಿಗಿಂತ ಹಳೆಯದಾದ ಈ ಮಸೀದಿಯನ್ನು ಒಂದು ಕೆರೆಯ ಮೇಲೆಯೇ ಕಟ್ಟಲಾಗಿದೆ. ನೀರಿನಿಂದ ಎದ್ದ ಕಲ್ಲಿನ ಕಮಾನುಗಳು ಮೇಲಿನ ಕಟ್ಟಡವನ್ನು ಹೊತ್ತು ನಿಂತಿವೆ, ಕೆಳಗಿನ ನೀರಿನಲ್ಲಿ ಮೀನುಗಳು ಓಡಾಡುತ್ತವೆ.

ಸಂಜೆ ಮುಹಮ್ಮದಲಿ ರಸ್ತೆ. ಮೌಲಾನಾ ಮುಹಮ್ಮದಲಿ ಜೌಹರ್ ಅವರ ಹೆಸರಿನ ರಸ್ತೆಯಿದು. ಅದರ ಮೇಲೆ ಹಾದುಹೋಗುವ ಉದ್ದದ ಮೇಲ್ಸೇತುವೆಗೆ ಮಖ್ದೂಮ್ ಅಲಿ ಮಾಹಿಮಿಯವರ ಹೆಸರು. ಆರು ಶತಮಾನಗಳ ಹಿಂದೆ ಮಾಹಿಮ್‌ನಲ್ಲಿ ಬಾಳಿ ಅರಬಿಯಲ್ಲಿ ಕುರ್‌ಆನ್ ವ್ಯಾಖ್ಯಾನ ಬರೆದ ಆ ವಿದ್ವಾಂಸರು ನವಾಯತ್ ಮನೆತನದವರು. ನಮ್ಮ ಭಟ್ಕಳದ ನವಾಯತರಿಗೆ ಅವರು ಹತ್ತಿರದವರಾದರು!

ಮಿನಾರಾ ಮಸೀದಿಯ ಸುತ್ತಿನ ಗಲ್ಲಿಗಳು ರಮಝಾನಿನ ರಾತ್ರಿಗಳಲ್ಲಿ ಬೆಳಗಿನವರೆಗೂ ಎಚ್ಚರವಿರುತ್ತವೆ. ಉಳಿದ ದಿನಗಳಲ್ಲೂ ಅಲ್ಲಿ ಹಸಿವಿನಿಂದ ಮರಳುವಂತಿಲ್ಲ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ನಳ್ಳಿ ನಿಹಾರಿ, ಮಣ್ಣಿನ ಬಟ್ಟಲಿನ ಫಿರ್ನಿ, ತಟ್ಟೆಯಷ್ಟು ಅಗಲದ ಮಾಲ್ಪುವಾ. ಒಂದು ಮಾಲ್ಪುವಾ ನಾಲ್ಕು ಜನರಿಗೆ ಸಾಕು. ಸಕ್ಕರೆ ಕಾಯಿಲೆಯ ಉಮ್ಮನಿಗೆ ಬರೀ ಒಂದು ಚೂರು ಕೊಟ್ಟೆ. ಅವರು ಮೊಮ್ಮಗಳ ಪಾಲಿನಿಂದ ಇನ್ನೊಂದು ಚೂರು ತೆಗೆದುದನ್ನು ನಾನು ಕಂಡೂ ಕಾಣದಂತಿದ್ದೆ.

ಪಕ್ಕದ ಭೆಂಡಿ ಬಜಾರ್ ದಾವೂದಿ ಬೋಹ್ರಾ ಸಮುದಾಯದವರು ಹೆಚ್ಚಾಗಿರುವ ಕೇರಿ. ದೊಡ್ಡ ತಟ್ಟೆಯೊಂದರ ಸುತ್ತ ಮನೆಮಂದಿಯೆಲ್ಲ ಕುಳಿತು, ಮೊದಲು ಚಿಟಿಕೆ ಉಪ್ಪನ್ನು ಬಾಯಿಗಿಟ್ಟು ಊಟ ಆರಂಭಿಸುವುದು ಅವರ ಪದ್ಧತಿ. ಇಲ್ಲಿನ ಹಳೆಯ ಕಟ್ಟಡಗಳನ್ನು ಕೆಡವಿ ಎತ್ತರದ ಗೋಪುರಗಳನ್ನು ಕಟ್ಟುವ ಕೆಲಸ ವರ್ಷಗಳಿಂದ ನಡೆದಿದೆ. 2017ರಲ್ಲಿ ಇಲ್ಲಿಯ ಹಳೆಯ ಕಟ್ಟಡವೊಂದು ಕುಸಿದು ಮೂವತ್ತಕ್ಕೂ ಹೆಚ್ಚು ಜನ ಮರಣ ಹೊಂದಿದರು. ಹಳೆಯ ಮುಂಬೈ ಚೆಂದ ಎಂದು ಹೊರಗಿನಿಂದ ಬಂದ ನಾವು ಹೇಳಿಬಿಡುತ್ತೇವೆ. ಅದರೊಳಗೆ ಬದುಕುವವರ ಭಯ ನಮಗೆ ಗೊತ್ತಿರುವುದಿಲ್ಲ.

ಎರಡನೆಯ ದಿನ ಸುಬ್‌ಹಿ ನಮಾಝ್ ಮುಗಿಸಿ ಸಾಸೂನ್ ಡಾಕ್‌ಗೆ ಹೋದೆವು. ಬಗ್ದಾದಿನಿಂದ ಬಂದು ನೆಲೆಸಿದ ಯಹೂದಿ ವ್ಯಾಪಾರಿ ಕುಟುಂಬವೊಂದು 1875ರಲ್ಲಿ ಕಟ್ಟಿಸಿದ ಧಕ್ಕೆಯಿದು. ಬೆಳಕು ಹರಿಯುವ ಮೊದಲೇ ದೋಣಿಗಳು ಬಂದು ಮೀನಿನ ಏಲಂ ಶುರುವಾಗುತ್ತದೆ. ಅಲ್ಲಿ ದೊಡ್ಡ ಧ್ವನಿ ಕೋಲಿ ಹೆಂಗಸರದು. ಬುಟ್ಟಿ ಅವರದು, ಬೆಲೆ ಅವರದು, ಲೆಕ್ಕವೂ ಅವರದೇ. ನಮ್ಮ ಧಕ್ಕೆಯ ಮೊಗವೀರ ಅಕ್ಕಂದಿರ ನೆನಪಾಯಿತು. ನೆಲ ಜಾರುತ್ತದೆ, ಹಳೆಯ ಚಪ್ಪಲಿ ಹಾಕಿ, ಬುರ್ಖಾದ ಅಂಚನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಜೂನ್-ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಹೋಗಬೇಡಿ.

ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾ ದೂರವಿಲ್ಲ. ಬ್ರಿಟಿಷ್ ದೊರೆಯ 1911ರ ಭೇಟಿಯ ನೆನಪಿಗೆಂದು ಕಟ್ಟಿ 1924ರಲ್ಲಿ ತೆರೆದರು. 1948ರ ಫೆಬ್ರವರಿಯಲ್ಲಿ ಬ್ರಿಟಿಷರ ಕೊನೆಯ ಸೈನಿಕರು ಇದೇ ಕಮಾನಿನ ಕೆಳಗಿನಿಂದ ಹಡಗು ಹತ್ತಿ ಹೋದರು. ದೊರೆಯ ಸ್ವಾಗತದ ಬಾಗಿಲೇ ಬೀಳ್ಕೊಡುವ ಬಾಗಿಲಾಯಿತು. ಎಲಿಫೆಂಟಾ ದ್ವೀಪಕ್ಕೆ ಇಲ್ಲಿಂದಲೇ ದೋಣಿ. ಸುಮಾರು ಒಂದು ಗಂಟೆಯ ಪ್ರಯಾಣ. ಸೋಮವಾರ ಗುಹೆಗಳಿಗೆ ರಜೆ. 2024ರ ಡಿಸೆಂಬರ್‌ನಲ್ಲಿ ಈ ದಾರಿಯಲ್ಲಿ ದೋಣಿ ಅಪಘಾತವಾಗಿ ಹಲವರು ಪ್ರಾಣ ಕಳೆದುಕೊಂಡರು. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಸಂಕೋಚ ಬೇಡ. ದ್ವೀಪದಲ್ಲಿ ಮೆಟ್ಟಿಲು ಬಹಳ. ಉಮ್ಮನ ಮೊಣಕಾಲನ್ನು ನೆನೆದು ನಾವು ದ್ವೀಪಕ್ಕೆ ಹೋಗಲಿಲ್ಲ, ಕಟ್ಟೆಯ ಮೇಲೆ ಕುಳಿತು ದೋಣಿಗಳನ್ನು ನೋಡಿದೆವು. ಮಧ್ಯಾಹ್ನ ಇರಾನಿ ಹೋಟೆಲೊಂದರಲ್ಲಿ ಬ್ರುನ್ ಮಸ್ಕಾ ಮತ್ತು ಚಹಾ. ಗಟ್ಟಿ ಸಿಪ್ಪೆಯ ಪಾವ್‌ಗೆ ಬೆಣ್ಣೆ ಹಚ್ಚಿ ಚಹಾದಲ್ಲಿ ಅದ್ದಿ ತಿನ್ನುವುದು. ಇಂಥ ಹೋಟೆಲುಗಳು ಈಗ ಬೆರಳೆಣಿಕೆಯಷ್ಟೇ ಉಳಿದಿವೆ.

ಸಂಜೆ ಸಮುದ್ರದ ನಡುವಿನ ಹಾಜಿ ಅಲಿಗೆ ಹೋದೆವು. ಉಬ್ಬರದ ಹೊತ್ತಿನಲ್ಲಿ ಅಲ್ಲಿಗೆ ಹೋಗುವ ಕಾಲುದಾರಿ ನೀರಿನಲ್ಲಿ ಮುಳುಗುತ್ತದೆ, ಸಮಯ ವಿಚಾರಿಸಿ ಹೊರಡಿ. ಕೆಲವು ವರ್ಷ ಹೆಂಗಸರಿಗೆ ಒಳಗಿನ ಭಾಗಕ್ಕೆ ಪ್ರವೇಶ ನಿಲ್ಲಿಸಿದ್ದರು. 2016ರಲ್ಲಿ ಬಾಂಬೆ ಹೈಕೋರ್ಟಿನ ತೀರ್ಪಿನ ಬಳಿಕ ಮತ್ತೆ ತೆರೆಯಿತು. ದರ್ಗಾದ ವಿಷಯದಲ್ಲಿ ನಿಮ್ಮ ನಮ್ಮ ಅಭಿಪ್ರಾಯ ಏನೇ ಇರಲಿ, ಹೆಂಗಸರು ಎಲ್ಲಿಯವರೆಗೆ ಬರಬಹುದು ಎಂದು ಗೆರೆ ಎಳೆಯುವ ಮೊದಲು ಅವರನ್ನೂ ಒಂದು ಮಾತು ಕೇಳಬಾರದೇ?

ಮೂರನೆಯ ದಿನ ಉಮ್ಮ ಬೆಳಗ್ಗೆಯೇ ತಯಾರಾಗಿ ಕುಳಿತಿದ್ದರು. ಅವರು ನೋಡಬೇಕೆಂದಿದ್ದ ಜಾಗ ಇನ್ನೂ ಬಾಕಿ ಇತ್ತು. ಟ್ಯಾಕ್ಸಿಯವನಿಗೆ "ಯೆಲ್ಲೋ ಗೇಟ್" ಎಂದಾಗ, "ಅಲ್ಲಿ ನೋಡಲು ಏನೂ ಇಲ್ಲ" ಎಂದ. ಅವನ ಮಾತು ನಿಜವೇ. ಒಂದು ಗೋಡೆ, ಒಂದು ಗೇಟು, ಕಾವಲಿನವರು, ಸಾಲು ಲಾರಿಗಳು. ಪರವಾನಗಿ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. 1944ರ ಏಪ್ರಿಲ್ 14ರಂದು ಹತ್ತಿಯೂ ಮದ್ದುಗುಂಡೂ ತುಂಬಿದ್ದ ಹಡಗು ಸಿಡಿದು ನೂರಾರು ಜನ ಸತ್ತದ್ದು ಈ ಗೋಡೆಯ ಆಚೆ, ವಿಕ್ಟೋರಿಯಾ ಡಾಕ್‌ನಲ್ಲಿ. ಈಗ ಆ ಡಾಕ್‌ನ ನೀರನ್ನೇ ಮಣ್ಣು ತುಂಬಿಸಿ ಮುಚ್ಚಿದ್ದಾರೆ. 1989ರಲ್ಲಿ ಕೊಲ್ಲಿಯ ಆಚೆ ದಡದಲ್ಲಿ ನ್ಹಾವಾ ಶೇವಾ ಬಂದರು ಶುರುವಾದ ಮೇಲೆ ಕಂಟೇನರ್ ಹಡಗುಗಳು ಅತ್ತ ತಿರುಗಿದವು. ಅಜ್ಜನಂತೆ ಬೆನ್ನ ಮೇಲೆ ಮೂಟೆ ಹೊರುವವರ ಕಾಲವೂ ಮುಗಿಯಿತು.

ಉಮ್ಮ ಹತ್ತು ನಿಮಿಷ ಅಲ್ಲಿಯೇ ನಿಂತರು. ಏನೂ ಮಾತಾಡಲಿಲ್ಲ. ಆಮೇಲೆ, "ಇಷ್ಟೇ ದೂರ ಇತ್ತಲ್ಲ, ಉಮ್ಮನನ್ನು ಒಮ್ಮೆ ಕರೆತರಬಹುದಿತ್ತು" ಎಂದರು. ಅಜ್ಜನ ಮೇಲೆ ದೂರೋ, ತನ್ನ ಮೇಲೆಯೇ ದೂರೋ ನಾನು ಕೇಳಲಿಲ್ಲ. ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ನಾಲ್ಕು ಚಹಾ ತೆಗೆದುಕೊಂಡೆವು. ಅಂಗಡಿಯವನು ಊರು ಯಾವುದೆಂದು ಕೇಳಿದ. ಮಂಗಳೂರು ಎಂದಾಗ, ಹಿಂದೆ ಆ ಕಡೆಯವರು ಇಲ್ಲಿ ಬಹಳ ಇದ್ದರು ಎಂದು ತನ್ನ ತಂದೆ ಹೇಳುತ್ತಿದ್ದುದಾಗಿ ತಿಳಿಸಿದ. ಉಮ್ಮನ ಕಣ್ಣು ತುಂಬಿತು. ಅವನು ಚಹಾದ ದುಡ್ಡು ಬೇಡವೆಂದ, ಉಮ್ಮ ಒತ್ತಾಯದಿಂದ ಕೊಟ್ಟರು.

ಸಹೋದರಿಯರೇ, ಹೊರಡುವವರಿಗೆ ನಾಲ್ಕು ಮಾತು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಹವೆ. ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿಯಿದೆ, ಆದರೆ ಬೆಳಗ್ಗೆ ಮತ್ತು ಸಂಜೆ ಆಫೀಸಿನ ಹೊತ್ತಿನಲ್ಲಿ ವಯಸ್ಸಾದವರನ್ನು ಹತ್ತಿಸಬೇಡಿ. ಎಲ್ಲ ಮಸೀದಿಗಳಲ್ಲಿ ಹೆಂಗಸರಿಗೆ ಸ್ಥಳವಿರುವುದಿಲ್ಲ, ಮೊದಲೇ ವಿಚಾರಿಸಿ. ಪ್ರಯಾಣಿಕರಿಗೆ ನಮಾಝ್‌ನಲ್ಲಿರುವ ರಿಯಾಯಿತಿಯನ್ನು ತಿಳಿದುಕೊಂಡು ಹೋಗಿ. ಒಂದು ದಿನಕ್ಕೆ ಎರಡು ಕೇರಿ ನೋಡಿದರೆ ಸಾಕು. ನೆಂಟರ ಮನೆಯಲ್ಲಿ ಉಳಿದಿದ್ದರೆ ಆ ಮನೆಯ ಹೆಂಗಸರನ್ನೂ ಜೊತೆಗೆ ಕರೆಯಿರಿ. ಮುಂಬೈಯಲ್ಲೇ ಮೂವತ್ತು ವರ್ಷ ಇದ್ದು ಗೇಟ್‌ವೇ ನೋಡದವರು ಅಲ್ಲೂ ಇದ್ದಾರೆ!

ಇದನ್ನು ಓದುವ ಸಹೋದರರಿಗೂ ಒಂದು ವಿನಂತಿ. ನೀವು ದುಡಿದ ಊರನ್ನು, ಅದು ಮುಂಬೈಯಾಗಲಿ, ದುಬೈಯಾಗಲಿ, ನಿಮ್ಮ ತಾಯಿಗೂ ಮಡದಿಗೂ ಒಮ್ಮೆ ತೋರಿಸಿ. ನೀವು ಕಳುಹಿಸಿದ ಹಣವನ್ನು ಲೆಕ್ಕ ಹಾಕಿ ಮನೆ ನಡೆಸಿದವರು ಅವರು. ಆ ಹಣ ಎಲ್ಲಿಂದ ಬಂತೆಂದು ಕಣ್ಣಾರೆ ಕಾಣುವ ಹಕ್ಕು ಅವರಿಗಿದೆ. ಮೊಣಕಾಲಿನಲ್ಲಿ ಶಕ್ತಿ ಇರುವಾಗಲೇ ಟಿಕೆಟ್ ತೆಗೆಯಿರಿ.

ನಮ್ಮಿಂದ ಅಗಲಿದ ಹಿರಿಯರಿಗೆ ಅಲ್ಲಾಹನು ಮಗ್‌ಫಿರತ್ ನೀಡಲಿ. ಆಮೀನ್.