ಲೀಸ್ ಅಂದ್ರೆ ಭೋಗ್ಯ ಅಲ್ಲ ಸ್ವಾಮೀ!

ಮೊನ್ನೆ ಭಾನುವಾರ ಗೆಳೆಯನೊಬ್ಬನ ಮನೆಯಲ್ಲಿ ಊಟಕ್ಕೆ ಸೇರಿದ್ವಿ. ಎಲ್ಲರೂ ಕ್ಯಾಲಿಫೋರ್ನಿಯಾದಲ್ಲಿ ಕೋಡ್ ಕುಟ್ಟಿ ಹೊಟ್ಟೆ ಹೊರೆಯುವ ನಮ್ಮವರೇ. ಬಿಸಿಬೇಳೆಭಾತ್ ತಟ್ಟೆಗೆ ಬೀಳುವ ಮೊದಲೇ ಆತ ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಿ, ಹೊಸದಾಗಿ ಬಂದ ಎಲೆಕ್ಟ್ರಿಕ್ ಕಾರು ತೋರಿಸಿದ. "ಲೀಸ್ ಕಣ್ರೋ, ತಿಂಗಳಿಗೆ ಬರೀ 299 ಡಾಲರ್!" ಎಲ್ಲರೂ ಭಲೇ ಭಲೇ ಅಂದ್ರು. ನಾನು ಸುಮ್ಮನಿರಬಾರದೇ? "ಕೈಯಿಂದ ಮುಂಗಡ ಎಷ್ಟು ಕೊಟ್ಟೆ ಮಾರಾಯಾ?" ಅಂತ ಕೇಳ್ಬಿಟ್ಟೆ. ಆತನ ಮುಖ ಸಣ್ಣಗಾಯ್ತು. ಅಷ್ಟರಲ್ಲಿ ಇನ್ನೊಬ್ಬ, "ಲೀಸ್ ಅನ್ನೋದೇ ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗೆ, ತಗೊಂಡ್ರೆ ಸ್ವಂತಕ್ಕೆ ತಗೋಬೇಕು" ಅಂದ. ಶುರುವಾಯ್ತು ನೋಡಿ ಜಗಳ. ಭಾತ್ ಆರಿ ಹೋಯ್ತು, ಜಗಳ ಆರಲಿಲ್ಲ.

ನನ್ನ ಪ್ರಕಾರ ಇಬ್ಬರದೂ ತಪ್ಪು. ಹೊಸದಾಗಿ ಬಂದ ಎಲೆಕ್ಟ್ರಿಕ್ ಕಾರನ್ನ ನಮ್ಮಂಥವರು ಲೀಸ್‌ಗೇ ತಗೋಬೇಕು. ಆದರೆ ಅದನ್ನ ಬಾಡಿಗೆ ಅಂತ ತಿಳಿದು ತಗೋಬೇಕು, ಭೋಗ್ಯ ಅಂತ ತಿಳಿದಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ನಾನೇ 3,200 ಡಾಲರ್ ಕಳ್ಕೊಂಡಿದ್ದೀನಿ. ಅದಕ್ಕೇ ಇಷ್ಟು ಸಿಟ್ಟು.

ನನ್ನ ಕಥೆ ಚಿಕ್ಕದು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಹೊಸ ಎಲೆಕ್ಟ್ರಿಕ್ ಕಾರನ್ನ 36 ತಿಂಗಳಿಗೆ ಲೀಸ್ ತಗೊಂಡೆ. ಅಂಗಡಿಯವನು "3,600 ಮುಂಗಡ ಕೊಟ್ಬಿಡಿ, ಕಂತು ನೂರು ಡಾಲರ್ ಇಳಿಯುತ್ತೆ" ಅಂದ. ಕೊಟ್ಟೆ. ನಾಲ್ಕನೇ ತಿಂಗಳು ಫ್ರೀವೇಯಲ್ಲಿ ಟ್ರಾಫಿಕ್‌ಗೆ ಅಂತ ನಿಂತಿದ್ದಾಗ ಹಿಂದಿನಿಂದ ಒಬ್ಬ ಬಂದು ಗುದ್ದಿದ. ನನಗೇನೂ ಆಗಲಿಲ್ಲ, ಕಾರು ಮಾತ್ರ ರಿಪೇರಿಗೆ ಲಾಯಕ್ಕಿಲ್ಲ ಅಂತಾಯ್ತು. ವಿಮೆಯ ಚೆಕ್ ನೇರವಾಗಿ ಲೀಸ್ ಕಂಪನಿಗೆ ಹೋಯ್ತು, ಯಾಕಂದ್ರೆ ಕಾರು ಅವರದ್ದು. ವಿಮೆ ಕೊಟ್ಟಿದ್ದಕ್ಕೂ ಬಾಕಿ ಇದ್ದದ್ದಕ್ಕೂ ನಡುವಿನ ಕೊರತೆಯನ್ನ ಮನ್ನಾ ಮಾಡುವ ಷರತ್ತು ನನ್ನ ಕರಾರಿನಲ್ಲಿತ್ತು, ಹಾಗಾಗಿ ಸಾಲ ತಲೆಮೇಲೆ ಬರಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಪೆಟ್ಟಾಗಿಲ್ಲ ಅಂತ ನಾಲ್ಕು ಸಲ ಖಾತ್ರಿ ಮಾಡ್ಕೊಂಡ ಮೇಲೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಲೀಸ್ ಅಂದಿದ್ದೆ ಅಲ್ವೇನೋ, ಅಡ್ವಾನ್ಸ್ ವಾಪಸ್ ಕೊಟ್ರಾ?"

"ಇಲ್ಲಪ್ಪ, ಅದು ವಾಪಸ್ ಬರಲ್ಲ."

"ಬರಲ್ಲ ಅಂದ್ರೆ? ಅದ್ಯಾವ ಸೀಮೆ ಲೀಸೋ!"

ಅಪ್ಪನ ತಪ್ಪೇನೂ ಇಲ್ಲ. ನಾನು ಚಿಕ್ಕವನಿದ್ದಾಗ ಬೆಂಗಳೂರಿನ ವಿಜಯನಗರದಲ್ಲಿ ಲೀಸ್ ಮನೆಯಲ್ಲಿದ್ವಿ. ಒಂದೇ ಸಲ ಇಡುಗಂಟು ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಖಾಲಿ ಮಾಡುವಾಗ ಕೊಟ್ಟಷ್ಟೂ ಎಣಿಸಿ ವಾಪಸ್ ತಗೊಂಡು ಬಂದಿದ್ವಿ. ಬೆಂಗಳೂರಿನ ಕಿವಿಗೆ ಲೀಸ್ ಅಂದ್ರೆ ಭೋಗ್ಯ. ಬಾಡಿಗೆ ಮನೆಯಲ್ಲೂ ಹತ್ತು ತಿಂಗಳ ಅಡ್ವಾನ್ಸ್ ಕೊಟ್ರೆ, ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಹಿಡ್ಕೊಂಡು ಉಳಿದದ್ದು ಕೊಡ್ತಾರೆ. ಅದೇ ಅಭ್ಯಾಸದ ಮೇಲೆ ನಾವು ಇಲ್ಲಿ ಬಂದು ಕಾರಿಗೆ ಮುಂಗಡ ಸುರೀತೀವಿ. ಇಲ್ಲಿ ಅದು ಅಡ್ವಾನ್ಸ್ ಅಲ್ಲ, ಮುಂದೆ ಓಡಿಸಬೇಕಾದ ತಿಂಗಳುಗಳ ಬಾಡಿಗೆಯನ್ನ ಇವತ್ತೇ ಕಟ್ಟೋದು. ನಾನು ಓಡಿಸಿದ್ದು 4 ತಿಂಗಳು. ಓಡಿಸದ 32 ತಿಂಗಳಿನ 3,200 ಡಾಲರ್ ಹಾಗೇ ಆವಿಯಾಯ್ತು. ಮುಂಗಡ ಕೊಡದೇ ಇದ್ದಿದ್ರೆ ಬಾಕಿ ಅಷ್ಟು ಜಾಸ್ತಿ ಇರ್ತಿತ್ತು, ಕೊರತೆ ಮನ್ನಾ ಮಾಡೋರು ಅದನ್ನೂ ಹೊರ್ತಿದ್ರು. ಅಂದ್ರೆ ನನ್ನ ಮುಂಗಡದಿಂದ ಉಪಕಾರ ಆಗಿದ್ದು ಅವರಿಗೆ!

ಇರ್ಲಿ, ಮೊದಲು ಸ್ವಂತದ ಪಕ್ಷದವರಿಗೆ ಉತ್ತರ ಹೇಳ್ತೀನಿ. ಸ್ವಂತ ಮನೆ, ಸ್ವಂತ ಸೈಟು ಅಂತ ಕೇಳಿ ಬೆಳೆದವರು ನಾವು. ಆದರೆ ಸೈಟಿನ ಬೆಲೆ ಏರುತ್ತೆ, ಕಾರಿನದ್ದು ಇಳಿಯುತ್ತೆ. ಹೊಸ ಎಲೆಕ್ಟ್ರಿಕ್ ಕಾರಿನದ್ದು ಎಷ್ಟು ಇಳಿಯುತ್ತೆ ಅಂತ ತಯಾರಿಸಿದವನಿಗೇ ಗೊತ್ತಿರಲ್ಲ. ನಿಸಾನ್ ಲೀಫ್ 2010ರ ಡಿಸೆಂಬರ್‌ನಲ್ಲಿ ಬಂದಾಗ ಅದರ ಬ್ಯಾಟರಿ 24 ಕಿಲೋವ್ಯಾಟ್ ಅವರ್, ಒಂದು ಚಾರ್ಜ್‌ಗೆ ಅಧಿಕೃತವಾಗಿ 73 ಮೈಲಿ. 2012ರ ಹೊತ್ತಿಗೆ ಅರಿಜೋನಾದ ಬಿಸಿಲಿಗೆ ಬ್ಯಾಟರಿ ಕುಗ್ತಿದೆ ಅಂತ ಮಾಲೀಕರು ಬೊಬ್ಬೆ ಹೊಡೆದ್ರು. 2018ರ ಲೀಫ್ 151 ಮೈಲಿ ಓಡ್ತಿತ್ತು. ಹಳೇದನ್ನ ಕೊಂಡವನ ಕೈಯಲ್ಲಿ ಉಳಿದದ್ದೇನು? ಷೆವಿ ಬೋಲ್ಟ್ ಕಥೆ ನೋಡಿ. ಬ್ಯಾಟರಿಗೆ ಬೆಂಕಿ ಹತ್ತುವ ಭಯದಿಂದ 2021ರ ಆಗಸ್ಟ್‌ನಲ್ಲಿ ಅಲ್ಲಿಯವರೆಗೆ ಮಾಡಿದ ಅಷ್ಟೂ ಬೋಲ್ಟ್‌ಗಳನ್ನ ಕಂಪನಿ ರೀಕಾಲ್ ಮಾಡಿತು, ಮನೆಯಿಂದ ಹೊರಗೆ ನಿಲ್ಲಿಸಿ ಅಂತ ಹೇಳಿತು. 2023ರ ಜನವರಿಯಲ್ಲಿ ಟೆಸ್ಲಾ ಮಾಡೆಲ್ ವೈ ಲಾಂಗ್ ರೇಂಜ್ ಬೆಲೆ 65,990ರಿಂದ 52,990 ಡಾಲರ್‌ಗೆ ಇಳಿಯಿತು. ಹಿಂದಿನ ವಾರ ಕೊಂಡವನು ಬೆಳಿಗ್ಗೆ ಎದ್ದಾಗ 13,000 ಬಡವ! ಬಾಡಿಗೆ ಕಾರಿನ ದಂಧೆಯಲ್ಲೇ ಪಳಗಿದ ಹರ್ಟ್ಜ್ ಕಂಪನಿ 2024ರ ಜನವರಿಯಲ್ಲಿ ಸುಮಾರು 20,000 ಎಲೆಕ್ಟ್ರಿಕ್ ಕಾರು ಮಾರಿಬಿಡ್ತೀವಿ ಅಂತ ಕೈ ಎತ್ತಿತು. ಅವರಿಗೇ ಊಹಿಸಲಾಗದ ಬೆಲೆ, ನನಗೂ ನಿಮಗೂ ಗೊತ್ತಾಗುತ್ತಾ?

ಲೀಸ್‌ನಲ್ಲಿ ಈ ತಲೆನೋವು ಅವರದ್ದು. ಮೂರು ವರ್ಷದ ನಂತರ ಕಾರಿಗೆ ಇಷ್ಟು ಬೆಲೆ ಉಳಿಯುತ್ತೆ ಅಂತ ಮೊದಲೇ ಬರೆದು ಸಹಿ ಹಾಕ್ತಾರೆ, ಅದೇ ರೆಸಿಡ್ಯುಅಲ್. ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿದ್ರೆ ಕೀ ಕೊಟ್ಟು ನಮಸ್ಕಾರ ಹೇಳಿ ಬರಬಹುದು. ಮೇಲಿದ್ರೆ, ಕರಾರಿನಲ್ಲಿ ಅವಕಾಶ ಇದ್ರೆ, ಅದೇ ಬೆಲೆಗೆ ಕೊಂಡ್ಕೋಬಹುದು. ಹತ್ತು ವರ್ಷ ಅದೇ ಕಾರು ಓಡಿಸ್ತೀನಿ, ಬೆಲೆ ಬಿದ್ರೆ ನನಗೇನು ಅನ್ನೋರಿದ್ರೆ ಅವರು ಖಂಡಿತ ಕೊಳ್ಳಲಿ. ಆದರೆ ಅಂಥವರು ಹೊಸ ಮಾಡೆಲ್‌ನ ಮೊದಲ ವರ್ಷದ್ದೇ ಯಾಕೆ ಕೊಳ್ಳಬೇಕು? ನಾವು ಲೀಸ್ ಮುಗಿಸಿ ಬಿಟ್ಟುಬಂದಿದ್ದನ್ನ ಅಗ್ಗಕ್ಕೆ ಕೊಳ್ಳಲಿ :)

ಈಗ "ಬರೀ 299" ಪಕ್ಷದವರಿಗೆ. ಇವರ ಮೇಲೆ ನನಗೆ ಹೆಚ್ಚು ಸಿಟ್ಟು, ಯಾಕಂದ್ರೆ ಎಲ್ಲರೂ ಲೆಕ್ಕ ಓದಿದ ಇಂಜಿನಿಯರುಗಳು. ಒಂದು ಉದಾಹರಣೆ ತಗೊಳ್ಳಿ. ತೆರಿಗೆ, ಶುಲ್ಕ ಬಿಟ್ಟು ಲೆಕ್ಕ ಹಾಕೋಣ. ಕಾರಿನ ಮೇಲೆ ಅಂಟಿಸಿದ ಬೆಲೆ 45,000. ಚೌಕಾಸಿ ಮಾಡಿ 42,000ಕ್ಕೆ ಇಳಿಸಿದ್ರಿ. ಮೂರು ವರ್ಷಕ್ಕೆ ರೆಸಿಡ್ಯುಅಲ್ 55 ಶೇಕಡ, ಅಂದ್ರೆ 24,750. ಇದು ಅಂಟಿಸಿದ ಬೆಲೆಯ ಮೇಲಿನ ಲೆಕ್ಕ, ಇದರಲ್ಲಿ ಚೌಕಾಸಿ ಇಲ್ಲ. ಬಡ್ಡಿಯನ್ನ ಬಡ್ಡಿ ಅಂತ ಕರೆಯಲ್ಲ, ಮನಿ ಫ್ಯಾಕ್ಟರ್ ಅಂತಾರೆ. ಅದು 0.0025 ಅಂತಿಟ್ಕೊಳ್ಳಿ. 2400ರಿಂದ ಗುಣಿಸಿದ್ರೆ 6 ಶೇಕಡ ಅಂತ ನಿಜರೂಪ ಕಾಣುತ್ತೆ.

ತಿಂಗಳ ಸವಕಳಿ: 42,000ದಲ್ಲಿ 24,750 ಕಳೆದು 36ರಿಂದ ಭಾಗಿಸಿ, 479. ತಿಂಗಳ ಬಡ್ಡಿ: ಆ ಎರಡನ್ನೂ ಕೂಡಿಸಿ 0.0025ರಿಂದ ಗುಣಿಸಿ, 167. ಒಟ್ಟು 646 ಡಾಲರ್. ಈಗ ತಯಾರಕ 7,500 ರಿಯಾಯಿತಿ ಕೊಟ್ಟ ಅನ್ನಿ. ಕಂತು 419ಕ್ಕೆ ಇಳೀತು. ಇದು ನಿಜವಾದ ಇಳಿತ. ಇದರ ಮೇಲೆ ನಿಮ್ಮ ಜೇಬಿನಿಂದ 3,600 ಸುರಿದ್ರೆ ಕಂತು 310. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೋದು ಈ 310. ನಾವು ಗೆಳೆಯರಿಗೆ ಹೇಳೋದೂ ಇದೇ 310. ಆದರೆ ಆ 3,600ನ್ನ 36 ತಿಂಗಳಿಗೆ ಹಂಚಿ ಸೇರಿಸಿದ್ರೆ ನಿಜವಾದ ಕಂತು 410! ಅಂದ್ರೆ ಉಳಿದದ್ದು ತಿಂಗಳಿಗೆ 9 ಡಾಲರ್, ಮೂರು ವರ್ಷಕ್ಕೆ 324. ಅಷ್ಟಕ್ಕಾಗಿ 3,600 ಡಾಲರ್‌ನ ರಸ್ತೆಗೆ ಇಳಿಸಿ ಯಾರೂ ಗುದ್ದದೇ ಇರಲಿ ಅಂತ ದೇವರಿಗೆ ಕೈ ಮುಗೀಬೇಕು.

ಅಂಗಡಿಯವನು ಮನಿ ಫ್ಯಾಕ್ಟರ್ ಹೇಳಲೇಬೇಕು ಅಂತ ಕಾನೂನಿಲ್ಲ. ಬ್ಯಾಂಕ್ 0.0025 ಕೊಟ್ಟಿದ್ದನ್ನ ಈತ 0.0030 ಮಾಡಿದ್ರೆ ತಿಂಗಳಿಗೆ ಸುಮಾರು 30 ಡಾಲರ್, ಮೂರು ವರ್ಷಕ್ಕೆ ಸಾವಿರದ ಮೇಲೆ. ಆದರೆ 1976ರ ಗ್ರಾಹಕ ಲೀಸ್ ಕಾನೂನಿನ ಪ್ರಕಾರ ಒಪ್ಪಿದ ಬೆಲೆ, ರೆಸಿಡ್ಯುಅಲ್ ಮತ್ತು ಒಟ್ಟು ರೆಂಟ್ ಚಾರ್ಜ್ ಕಾಗದದ ಮೇಲೆ ಕಾಣಿಸಲೇಬೇಕು. ರೆಂಟ್ ಚಾರ್ಜನ್ನ ತಿಂಗಳಿನಿಂದ ಭಾಗಿಸಿ, ಬಂದದ್ದನ್ನ ರಿಯಾಯಿತಿ ಕಳೆದ ಬೆಲೆ ಮತ್ತು ರೆಸಿಡ್ಯುಅಲ್ ಮೊತ್ತದಿಂದ ಭಾಗಿಸಿ. ಕಳ್ಳ ಸಿಕ್ಕಿಬೀಳ್ತಾನೆ. ಸಹಿಗೆ ಮುಂಚೆ ಎರಡು ನಿಮಿಷದ ಕೆಲಸ.

ಇನ್ನೊಂದು ಭ್ರಮೆ ಇದೆ, "ನಾನು ಎಷ್ಟು ಜಾಣ, ಎಂಥಾ ಡೀಲ್ ಹೊಡೆದೆ" ಅನ್ನೋದು. ಒಳ್ಳೆ ಡೀಲ್ ನಮ್ಮ ಜಾಣತನಕ್ಕಿಂತ ಬೇರೆಯವರ ಗತಿಗೇಡಿನಿಂದ ಬರೋದೇ ಹೆಚ್ಚು. 2013ರಲ್ಲಿ ಫಿಯಟ್ 500ಇ ತಿಂಗಳಿಗೆ 199ಕ್ಕೆ ಸಿಗ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಇಂತಿಷ್ಟು ಹೊಗೆಯಿಲ್ಲದ ಕಾರು ಮಾರಲೇಬೇಕು ಅನ್ನೋ ನಿಯಮ ಇತ್ತು. ಅದಕ್ಕಾಗಿ ನಷ್ಟದಲ್ಲಿ ಮಾಡಿದ ಕಾರು ಅದು. ದಯವಿಟ್ಟು ಕೊಳ್ಳಬೇಡಿ ಅಂತ 2014ರಲ್ಲಿ ಕಂಪನಿಯ ಮುಖ್ಯಸ್ಥ ಮಾರ್ಕಿಯೋನ್ನೆ ಬಹಿರಂಗವಾಗಿಯೇ ಹೇಳಿದ್ದರು! 2023ರಿಂದ ಲೀಸ್ ಕಾರುಗಳನ್ನ ವಾಣಿಜ್ಯ ವಾಹನ ಅಂತ ಲೆಕ್ಕ ಹಿಡಿದು ಕೇಂದ್ರ ಸರ್ಕಾರ 7,500 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಕೊಡ್ತಿತ್ತು. ಕೊರಿಯಾದಲ್ಲಿ ತಯಾರಾದ ಕಾರನ್ನ ಕೊಂಡ್ರೆ ಸಿಗದ ದುಡ್ಡು ಲೀಸ್ ತಗೊಂಡ್ರೆ ಸಿಗ್ತಿತ್ತು. ಆದರೆ ಅದು ಸಿಗ್ತಿದ್ದದ್ದು ಲೀಸ್ ಕಂಪನಿಗೆ. ನಮಗೆ ದಾಟಿಸಲೇಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಪೂರ್ತಿ ಕೊಟ್ಟವರಿದ್ರು, ಅರ್ಧ ನುಂಗಿದವರೂ ಇದ್ರು. 2025ರ ಸೆಪ್ಟೆಂಬರ್ 30ಕ್ಕೆ ಅದೂ ಮುಗೀತು. ಈಗ ರಿಯಾಯಿತಿ ಬರಬೇಕಾದ್ರೆ ಮುಖ್ಯವಾಗಿ ತಯಾರಕನ ಜೇಬಿನಿಂದಲೇ ಬರಬೇಕು. ಕಾರು ಬಿಡುಗಡೆಯಾದ ವಾರವೇ ಸಾಲಿನಲ್ಲಿ ನಿಂತವನಿಗೆ ಅವನು ಯಾಕೆ ಕೊಡ್ತಾನೆ? ಅಂಗಳದಲ್ಲಿ ಕಾರು ಧೂಳು ಹಿಡಿಯಲಿ, ಆಮೇಲೆ ಹೋಗಿ. ಹೊಸ ಕಾರಿನ ಲೀಸ್‌ನಲ್ಲಿ ದೊಡ್ಡ ಜಾಣತನ ಅಂದ್ರೆ ಆರು ತಿಂಗಳು ಸುಮ್ಮನಿರೋದು.

ಕೊನೆಯದಾಗಿ, ನಮ್ಮವರು ಯಾರೂ ಕೇಳದ ಪ್ರಶ್ನೆ: ಹೊರಗೆ ಬರೋದು ಹೇಗೆ? ವರ್ಷಕ್ಕೆ 10,000 ಮೈಲಿ ಅಂತ ಸಹಿ ಹಾಕಿ 15,000 ಓಡಿಸಿದ್ರೆ, ಮೈಲಿಗೆ 25 ಸೆಂಟಿನಂತೆ ಮೂರು ವರ್ಷಕ್ಕೆ 3,750 ಡಾಲರ್ ದಂಡ. ಅದು ಹೋಗ್ಲಿ, ಓಡಿಸಿದ್ದಕ್ಕೆ ಕೊಟ್ವಿ ಅನ್ನೋಣ. ವೀಸಾ ಕಥೆ ಏನು? ಎಚ್-1ಬಿ ಮೇಲಿರೋರಿಗೆ ಕೆಲಸ ಹೋದ್ರೆ ಹೆಚ್ಚೆಂದ್ರೆ 60 ದಿನ. ಲೀಸ್ ಇರೋದು 36 ತಿಂಗಳು. ನನ್ನ ಜೊತೆ ಕೆಲಸ ಮಾಡ್ತಿದ್ದ ಒಬ್ಬನಿಗೆ ಹೀಗೇ ಆಯ್ತು. ಇನ್ನೂ 22 ತಿಂಗಳು ಬಾಕಿ. ಬೇರೆಯವರ ಹೆಸರಿಗೆ ವರ್ಗಾಯಿಸೋಣ ಅಂದ್ರೆ ಅವನ ಲೀಸ್ ಕಂಪನಿ ಒಪ್ಪಲ್ಲ. ಮಗು, ಸೂಟ್‌ಕೇಸು, ಟಿಕೆಟ್ಟು ಎಲ್ಲದರ ನಡುವೆ ಬಾಕಿ ಕಂತಿನ ದೊಡ್ಡ ಪಾಲು ಕಟ್ಟಿ ಬೆಂಗಳೂರಿಗೆ ವಿಮಾನ ಹತ್ತಿದ. ಅವನದ್ದೂ "ಬರೀ 249" ಡೀಲೇ ಆಗಿತ್ತು. ವರ್ಗಾವಣೆಗೆ ಅವಕಾಶ ಕೊಡುವ ಕಂಪನಿಗಳೂ ಇವೆ. ತಿಂಗಳಿಗೆ 30 ಡಾಲರ್ ಜಾಸ್ತಿ ಆದ್ರೂ ಅಂಥದ್ದನ್ನೇ ಹುಡುಕಿ ಅಂತೀನಿ ನಾನು.

ಅಂದಹಾಗೆ, ಅಪ್ಪನ ಭೋಗ್ಯ ಇಲ್ಲೂ ಇದೆ ಅಂತ ಆಮೇಲೆ ಗೊತ್ತಾಯ್ತು! ಕೆಲವು ಲೀಸ್ ಕಂಪನಿಗಳಲ್ಲಿ ಠೇವಣಿ ಇಟ್ರೆ ಮನಿ ಫ್ಯಾಕ್ಟರ್ ಇಳಿಸ್ತಾರೆ. ಲೀಸ್ ಮುಗಿದಾಗ ಬಾಕಿ ಏನಾದ್ರೂ ಇದ್ರೆ ಅಷ್ಟನ್ನ ಹಿಡ್ಕೊಂಡು ಠೇವಣಿ ವಾಪಸ್ ಕೊಡ್ತಾರೆ. ಎಲ್ಲ ಕಡೆ ಇಲ್ಲ, ಕೇಳದೇ ಯಾರೂ ಹೇಳಲ್ಲ. ದುಡ್ಡು ಇಡಲೇಬೇಕು ಅನ್ನೋರು ಅಲ್ಲಿಡಿ.

ಈ ಸಲ ನಾನು ಮುಂಗಡ ಸೊನ್ನೆ ಕೊಟ್ಟು ಲೀಸ್ ತಗೊಂಡಿದ್ದೀನಿ. ಮೊದಲ ತಿಂಗಳ ಕಂತು, ನೋಂದಣಿ ಶುಲ್ಕ, ಅಷ್ಟೇ. ಕಂತು ಎಷ್ಟು ಅಂತ ಕೇಳಿದ್ರೆ ಭಾನುವಾರದ ಗೆಳೆಯರು ನಗ್ತಾರೆ, ಅವರಿಗಿಂತ ನೂರು ಡಾಲರ್ ಜಾಸ್ತಿ. ಅಪ್ಪನಿಗೆ ಹೇಳಿದೆ. "ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಹಾಗಾದ್ರೆ ಸರಿ ಬಿಡು" ಅಂದ್ರು.

ನೀವೇನಂತೀರಿ? ಬಯ್ಯೋದಿದ್ರೆ ಬಯ್ಯಿರಿ, ಆದರೆ ಕಂತಿನ ಜೊತೆ ಮುಂಗಡ ಎಷ್ಟು ಅಂತಲೂ ಹೇಳಿ ಬಯ್ಯಿರಿ!