ಕೋವಿ ಕೇಳಿದ ರೈತ ಕಳ್ಳನೂ ಅಲ್ಲ, ಭಿಕ್ಷುಕನೂ ಅಲ್ಲ



ಹಂದಿ ಕಾಟ ತಡೆಯಲಾಗದೆ ಕೋವಿ ಲೈಸೆನ್ಸಿಗೆ ಅರ್ಜಿ ಹಿಡಿದು ಹೋದವನಿಗೆ, "ಇದೇನು ಅಮೆರಿಕಾನೇನ್ರೀ?" ಅಂತ ಹಂಗಿಸುವವರಿದ್ದಾರೆ. ಆಗಲಿ, ಅಮೆರಿಕಾದಿಂದಲೇ ಶುರು ಮಾಡೋಣ.

ಅಲ್ಲಿ ಆಯುಧ ಇಟ್ಟುಕೊಳ್ಳುವುದು 1791ರಿಂದ ಸಂವಿಧಾನದ ಹಕ್ಕು. ಆತ್ಮರಕ್ಷಣೆಗೆ ಮನೆಯಲ್ಲಿ ಪಿಸ್ತೂಲು ಇಡುವುದೂ ಆ ಹಕ್ಕಿಗೇ ಸೇರಿದ್ದು ಎಂದು ಅವರ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. 2021ರ ಒಂದೇ ವರ್ಷ ಅಲ್ಲಿ ಗುಂಡಿಗೆ ಸತ್ತವರು 48,000ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮಗೆ ತಾವೇ ಹೊಡೆದುಕೊಂಡವರು! ಸಾಲ ಹೊತ್ತ ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿಯೇ ಏನು ಮಾಡುತ್ತದೆಂದು ಕಂಡ ನಮಗೆ ಆ ಹಕ್ಕು ಬೇಡವೇ ಬೇಡ.

ಆದರೆ ಬಿಗಿ ಕಾನೂನಿನ ದೇಶಗಳನ್ನೂ ನೋಡಿ. ಆಸ್ಟ್ರೇಲಿಯಾದ ಪೋರ್ಟ್ ಆರ್ಥರಿನಲ್ಲಿ 1996ರಲ್ಲಿ ಒಬ್ಬನೇ 35 ಜನರನ್ನು ಕೊಂದ ಮೇಲೆ ಸರ್ಕಾರ ಹಣ ಕೊಟ್ಟು ಆರು ಲಕ್ಷಕ್ಕೂ ಹೆಚ್ಚು ಬಂದೂಕು ವಾಪಸು ಪಡೆಯಿತು. ಆತ್ಮರಕ್ಷಣೆಗೆ ಬೇಕು ಅಂದರೆ ಅಲ್ಲಿ ಲೈಸೆನ್ಸ್ ಇಲ್ಲ. ಹೊಲ ಹಾಳುಮಾಡುವ ಪ್ರಾಣಿಗೆ ಬೇಕು ಎಂದು ರೈತ ಹೇಳಿದರೆ ಅದು ನ್ಯಾಯವಾದ ಕಾರಣ. ಇಂಗ್ಲೆಂಡೂ ಅಷ್ಟೆ: 1997ರಲ್ಲಿ ಪಿಸ್ತೂಲು ನಿಷೇಧಿಸಿತು, ರೈತನ ಕೋವಿ ಉಳಿಸಿತು. ಅದೇ ದೇಶದ ನಾರ್ಫೋಕ್‌ನಲ್ಲಿ 1999ರಲ್ಲಿ ಒಬ್ಬ ರೈತ ಲೈಸೆನ್ಸಿಲ್ಲದ ಕೋವಿಯಿಂದ ಕಳ್ಳರತ್ತ ಹೊಡೆದ. ಬೆನ್ನಿಗೆ ಗುಂಡು ಬಿದ್ದು 16ರ ಹುಡುಗ ಸತ್ತ, ರೈತ ಜೈಲಿಗೆ ಹೋದ. ನಮ್ಮ ಕಾನೂನಿನಲ್ಲೂ ಆತ್ಮರಕ್ಷಣೆ ಎಂದರೆ ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಹಿಂದೆ ದಂಡ ಸಂಹಿತೆಯಲ್ಲಿದ್ದ ಈ ಮಾತು 2024ರ ಜುಲೈಯಿಂದ ನ್ಯಾಯ ಸಂಹಿತೆಯಲ್ಲಿದೆ. ಕೋವಿ ಇರುವವರು ಇದನ್ನು ನೆನಪಿಟ್ಟಿರಿ.

ಈಗ ನಮ್ಮ ಮನೆ ವಿಷಯ. 1878ರಲ್ಲಿ ಲಿಟ್ಟನ್ ಕಾಲದ ಕಾನೂನು ಬಿಳಿಯರಿಗೆ ವಿನಾಯಿತಿ ಕೊಟ್ಟು ನಮ್ಮವರಿಗೆ ಲೈಸೆನ್ಸ್ ಹೇರಿತು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯ 13ನೇ ಕಲಮು ಏನು ಹೇಳುತ್ತದೆ? ನಿಜವಾಗಿ ಬೆಳೆ ಕಾಯಲು, ಬಾಯಿಂದ ಮದ್ದು ತುಂಬುವ ಕೋವಿ ಕೇಳಿದರೆ ಲೈಸೆನ್ಸ್ "ಕೊಡತಕ್ಕದ್ದು". "ಕೊಡಬಹುದು" ಅಲ್ಲ! ಅರ್ಜಿದಾರ ಅನರ್ಹ, ಅಥವಾ ಸಾರ್ವಜನಿಕ ಶಾಂತಿಗೆ ಅಪಾಯ ಎನಿಸಿದರೆ ನಿರಾಕರಿಸಬಹುದು. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಇಲ್ಲ ಅನ್ನುವಂತಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸೇ ಬೇಡವೆಂಬ ವಿನಾಯಿತಿ ಬ್ರಿಟಿಷರ ಕಾಲದ್ದು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಕೊಡಗು ಹೊತ್ತಿ ಉರಿಯಿತೇನು?

ಲೈಸೆನ್ಸ್ ಸಿಕ್ಕಿದರೂ ಮುಗಿಯಲಿಲ್ಲ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ 1972ರ ವನ್ಯಜೀವಿ ಕಾಯಿದೆಯಲ್ಲಿ ತಪ್ಪಿಲ್ಲ. ಪೈರು ತಿನ್ನುವ ಹಂದಿಗೆ ಹೊಡೆಯಲು ಅಪ್ಪಣೆ ಬೇಕು. ಆ ಅಪ್ಪಣೆ ಬರುವ ಹೊತ್ತಿಗೆ ಹಂದಿ ಉಂಡು, ಮರಿ ಹಾಕಿ, ಮರಿಗಳೂ ಉಂಡಿರುತ್ತವೆ. ಕೇರಳ 2022ರಲ್ಲಿ ಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೇ ಕೊಟ್ಟಿತು. ಕೋವಿಯೂ ಇಲ್ಲದೆ, ಅಪ್ಪಣೆಯೂ ಇಲ್ಲದೆ ಬೇಲಿಗೆ ಕರೆಂಟು ಬಿಟ್ಟು ನೆರೆಮನೆಯವನನ್ನೇ ಕೊಂದುಕೊಂಡ ಊರುಗಳು ಎಷ್ಟಿಲ್ಲ? ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ತಗಡು ಬಡಿದ ಕೂಲಿಯನ್ನು ನಾವೂ ಖರ್ಚಿಗೆ ಬರೆದುಕೊಳ್ಳುವುದಿಲ್ಲ, ಬೆಲೆ ಕಟ್ಟುವವನೂ ಕೇಳುವುದಿಲ್ಲ.

ಆದ್ದರಿಂದ ಅರ್ಜಿಯಲ್ಲಿ 13ನೇ ಕಲಮನ್ನು ಹೆಸರಿಸಿ ಬರೆಯಿರಿ. ಪಹಣಿ ಲಗತ್ತಿಸಿ, ಸ್ವೀಕೃತಿ ಪಡೆಯದೆ ಕಚೇರಿಯ ಮೆಟ್ಟಿಲಿಳಿಯಬೇಡಿ. ಬಾಯಲ್ಲಿ "ಆಗೋದಿಲ್ಲ" ಅಂದರೆ, "ಕಾರಣ ಬರೆದು ಕೊಡಿ ಸ್ವಾಮಿ" ಎನ್ನಿ. ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕೆಂದು 14ನೇ ಕಲಮಿದೆ. ಅದರ ಮೇಲೆ ಅಪೀಲು ಹೋಗಲು 18ನೇ ಕಲಮಿದೆ.