ಗೋಡೆಯ ಮೊಳೆಗೆ ಲೆಕ್ಕವುಂಟು

ಬೆಂಗಳೂರಿನಲ್ಲಿ ಬಾಡಿಗೆ ರೂಮು ಖಾಲಿ ಮಾಡುವ ದಿನ ಓನರ್ ಕೈಯಲ್ಲೊಂದು ಚೀಟಿ ಇರುತ್ತದೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ಮುರಿದ ನಲ್ಲಿಗೆ ಇಷ್ಟು, ಗೋಡೆಗೆ ಹೊಡೆದ ಮೊಳೆಗೆ ಇಷ್ಟು. ಎಲ್ಲವನ್ನೂ ಅಡ್ವಾನ್ಸಿನಲ್ಲಿ ಮುರಿದುಕೊಂಡು ಉಳಿದದ್ದನ್ನು ಕೈಗಿಡುತ್ತಾರೆ. ಹುಡುಗರು ತುಟಿಪಿಟಕ್ಕೆನ್ನದೆ ಇಸಿದುಕೊಂಡು ಲಗೇಜು ಕಟ್ಟುತ್ತಾರೆ. ಇದಕ್ಕೆ ಕಾನೂನಿನ ಹೆಸರು ನಷ್ಟಪರಿಹಾರ. ನಮ್ಮ ಬಾಡಿಗೆ ಲೋಕಕ್ಕೆ ಪರಿಹಾರವೆಂಬುದು ಹೊಸದೇನಲ್ಲ. ಅದು ಒಂದೇ ದಿಕ್ಕಿಗೆ ಹರಿಯುತ್ತಿದೆ, ಅಷ್ಟೆ. ಅದೇ ರೂಮಿನ ಬಚ್ಚಲಲ್ಲಿ ನಲ್ಲಿ ಮುಟ್ಟಿದಾಗಲೆಲ್ಲ ಕೈ ಜುಮ್ಮೆನ್ನುತ್ತಿತ್ತಲ್ಲ, ಅದಕ್ಕೆ ಆ ಚೀಟಿಯಲ್ಲಿ ಒಂದು ಸಾಲೂ ಇಲ್ಲ.

ಕೇಳಿದರೆ ಬರುವ ಉತ್ತರ ಗೊತ್ತೇ ಇದೆ: ‘ನೋಡಿ ಒಪ್ಪಿಕೊಂಡು ತಾನೇ ಬಂದೆ? ಈ ಬಾಡಿಗೆಗೆ ಇನ್ನೇನು ಸಿಗುತ್ತೆ?’ ಮಾತಿನಲ್ಲಿ ಅರ್ಧ ಸತ್ಯವಿದೆ. ರೂಮು ಚಿಕ್ಕದು, ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ ಎನ್ನುವುದು ಕಣ್ಣಿಗೆ ಕಾಣುವ ಸಂಗತಿ. ಅಂಥ ಕೊರತೆಗೆ ಕಡಿಮೆ ಬಾಡಿಗೆಯೇ ಪರಿಹಾರ ಎನ್ನಬಹುದು. ಆದರೆ ಗೋಡೆಯೊಳಗೆ ಅರ್ಥಿಂಗ್ ವೈರ್ ಇದೆಯೋ ಇಲ್ಲವೋ ಯಾವ ಹುಡುಗ ನೋಡಿ ಒಪ್ಪುತ್ತಾನೆ? ಗಾಳಿಯಾಡದ ಬಚ್ಚಲಿಗೆ ಕೂರಿಸಿದ ಗ್ಯಾಸ್ ಗೀಸರ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಕಾಲು ಸೋತಿರುತ್ತದೆ, ಚಿಲಕ ಒಳಗಿನಿಂದ ಹಾಕಿರುತ್ತದೆ. ಈ ವ್ಯತ್ಯಾಸವನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗುರುತಿಸಿದೆ. ಓನರ್‌ಗೆ ತಿಳಿದಿದ್ದು, ಬಾಡಿಗೆಗೆ ಬರುವವನಿಗೆ ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯದ ದೊಡ್ಡ ದೋಷವನ್ನು ಹೇಳಲೇಬೇಕು ಎನ್ನುತ್ತದೆ ಅದರ 108ನೇ ಕಲಮು. ತಿಳಿಸದಿದ್ದರೆ ಒಪ್ಪಿಗೆಗೆ ಅರ್ಥವೇ ಇಲ್ಲ.

ಇನ್ನು ಪಿಜಿ ಎಂಬ ಹೆಸರಿನ ಚಮತ್ಕಾರ. ಬಾಡಿಗೆ ಕರಾರು ಕೇಳಿದರೆ ‘ನೀನು ಬಾಡಿಗೆದಾರನಲ್ಲಪ್ಪ, ಗೆಸ್ಟ್’ ಎನ್ನುತ್ತಾರೆ. ದುಡ್ಡು ಕೊಟ್ಟು, ಆಧಾರ್ ಜೆರಾಕ್ಸ್ ಒಪ್ಪಿಸಿ, ರಾತ್ರಿ ಹತ್ತಕ್ಕೆ ಗೇಟು ಹಾಕಿಸಿಕೊಳ್ಳುವ ಅತಿಥಿ! ಜಿಎಸ್‌ಟಿ ಜಗಳದಲ್ಲಿ ಮಾತ್ರ ಇದೇ ವ್ಯವಹಾರದವರು ಇದು ವಾಸದ ಮನೆ, ತೆರಿಗೆ ಬೇಡ ಎಂದು ವಾದಿಸಿದರು. ವಿದ್ಯಾರ್ಥಿಗಳ ಹಾಸ್ಟೆಲ್ಲಿಗೆ ಕೊಟ್ಟ ಕಟ್ಟಡದ ವಿಷಯದಲ್ಲಿ 2022ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಾದವನ್ನು ಒಪ್ಪಿತು ಕೂಡ. ತೆರಿಗೆಗೆ ಮನೆ, ಹೊಣೆಗೆ ಮನೆಯಲ್ಲ. ಇರಲಿ, ಗೆಸ್ಟ್ ಎಂದರೂ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಹಾಸಿಗೆ, ಊಟ, ಕ್ಲೀನಿಂಗ್, ವೈಫೈ ಸೇರಿಸಿ ಹಣ ಪಡೆದರೆ ಅದು ಸೇವೆ. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಬಾಗಿಲು ತಟ್ಟಬಹುದು.

ನನ್ನ ನಿಜವಾದ ತಕರಾರು ಬೇರೆ. ನಾವು ಪರಿಹಾರದ ಮಾತೆತ್ತುವುದೇ ಹೆಣ ಬಿದ್ದ ಮೇಲೆ. ಆಗಲೂ ಎಳೆಯರ ಜೀವ ಅಗ್ಗ. ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 1997ರಲ್ಲಿ 59 ಮಂದಿ ಸತ್ತರು. 2011ರಲ್ಲಿ ಸುಪ್ರೀಂ ಕೋರ್ಟ್ ನಿಗದಿ ಮಾಡಿದ ಪರಿಹಾರ ಇಪ್ಪತ್ತು ವರ್ಷ ದಾಟಿದವರಿಗೆ 10 ಲಕ್ಷ, ಅದಕ್ಕಿಂತ ಚಿಕ್ಕವರಿಗೆ 7.5 ಲಕ್ಷ. ಸಂಪಾದನೆ ಶುರುವಾಗಿಲ್ಲದ್ದಕ್ಕೆ ಬೆಲೆ ಕಡಿಮೆ. ಈ ಲೆಕ್ಕದಲ್ಲಿ ವಿದ್ಯಾರ್ಥಿ ಯಾವಾಗಲೂ ನಷ್ಟದಲ್ಲೇ ಇರುತ್ತಾನೆ.

ಇಂಗ್ಲೆಂಡಿಗೆ ಎಂಎಸ್ಸಿ ಮಾಡಲು ಹೋಗುವ ನಮ್ಮ ಮಕ್ಕಳು ಬೇರೊಂದು ಲೆಕ್ಕವನ್ನು ನೋಡುತ್ತಾರೆ. ಅಲ್ಲಿ ಬೇರೆ ಬೇರೆ ಕುಟುಂಬದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡಿರುವ ಮನೆಗೆ ಲೈಸೆನ್ಸ್ ಬೇಕು. ಅದಿಲ್ಲದೆ ಬಾಡಿಗೆ ವಸೂಲಿ ಮಾಡಿದವರಿಂದ ಹನ್ನೆರಡು ತಿಂಗಳವರೆಗಿನ ಬಾಡಿಗೆಯನ್ನು ವಾಪಸು ಕೇಳಲು 2016ರ ಕಾಯ್ದೆ ದಾರಿ ಮಾಡಿತು. ಯಾರಿಗೂ ಶಾಕ್ ಹೊಡೆದಿರಬೇಕಿಲ್ಲ, ಕೈಕಾಲು ಸುಟ್ಟಿರಬೇಕಿಲ್ಲ. ಇಲ್ಲಿ ನಮಗೆ ಬೇಕಾದದ್ದು ಈ ತರ್ಕ. ಸುರಕ್ಷಿತವಲ್ಲದ ರೂಮಿಗೆ ಪಡೆದ ಬಾಡಿಗೆ ಓನರ್ ದುಡಿದ ಹಣವಲ್ಲ. ಕೊಡದ ಸರಕಿಗೆ ಇಸಿದುಕೊಂಡ ಹಣ. ಆಗಿನ ಬಿಬಿಎಂಪಿ 2024ರಲ್ಲಿ ಪಿಜಿಗಳಿಗೆ ತಲಾ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದು ಅಳತೆಯನ್ನೇನೋ ಹಾಕಿಕೊಟ್ಟಿತು. ಆ ಅಳತೆಗೆ ಕಡಿಮೆಯಾದಷ್ಟು ಬಾಡಿಗೆ ಹುಡುಗನಿಗೆ ಹಿಂದಿರುಗಬೇಕು ಎಂದು ಮಾತ್ರ ಎಲ್ಲೂ ಬರೆದಿಲ್ಲ.

ಮಹಡಿಯ ಎರಡು ರೂಮಿನ ಬಾಡಿಗೆಯಲ್ಲೇ ಬದುಕುವ ವಯಸ್ಸಾದವರ ಗತಿ ಏನು ಎಂದು ಕೇಳುವವರಿದ್ದಾರೆ. ಅರವತ್ತು ಹಾಸಿಗೆ ಹಾಕಿದವನಿಗೂ ಅವರಿಗೂ ಒಂದೇ ದಂಡ ಹಾಕು ಎಂದು ನಾನೂ ಹೇಳುವುದಿಲ್ಲ. ಆದರೆ 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಸಿಬಿಯನ್ನು ಒಂದು ರೂಮಿನ ಒಂದು ತಿಂಗಳ ಬಾಡಿಗೆಯಲ್ಲಿ ತಂದು ಕೂರಿಸಿ ಚಿಲ್ಲರೆ ಉಳಿಸಬಹುದು. ದೊಡ್ಡ ಪಿಜಿಗಳಲ್ಲಿ ತೊಡಕು ಬೇರೆ ಥರದ್ದು: ಕಟ್ಟಡ ಒಬ್ಬರದು, ಲೀಸಿಗೆ ಹಿಡಿದು ನಡೆಸುವವರು ಇನ್ನೊಬ್ಬರು, ‘ಅವರನ್ನು ಕೇಳಿ’ ಎಂದು ಇಬ್ಬರೂ ಕೈತೋರಿಸುತ್ತಾರೆ. ಉಪಹಾರ್ ಪ್ರಕರಣದಲ್ಲಿ ಕೋರ್ಟ್ ಹೊಣೆಯನ್ನು ಚಿತ್ರಮಂದಿರದವರಿಗೆ ಶೇ. 85, ವಿದ್ಯುತ್ ಮಂಡಳಿಗೆ ಶೇ. 15 ಎಂದು ಹಂಚಿತ್ತು. ಪಿಜಿಯ ಹೊಣೆಯನ್ನೂ ಹಾಗೆ ಹಂಚಬಹುದು.

ಹಾಗಾದರೆ ಹುಡುಗರೇಕೆ ಕೇಳುವುದಿಲ್ಲ? ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಯುಪಿಐನಲ್ಲಿ ಕಟ್ಟಿದ ಬಾಡಿಗೆ, ‘ಸಾರ್, ಗೀಸರ್ ಶಾಕ್ ಹೊಡೀತಿದೆ’ ಎಂಬ ವಾಟ್ಸಾಪ್ ಸಂದೇಶ, ಒಂದು ಫೋಟೋ, ಇಷ್ಟು ದಾಖಲೆ ಎಲ್ಲರ ಫೋನಿನಲ್ಲೂ ಇರುತ್ತದೆ. ಆದರೆ ಅಡ್ವಾನ್ಸ್ ಓನರ್ ಕೈಯಲ್ಲಿದೆ, ಪರೀಕ್ಷೆ ಮುಂದಿದೆ, ಊರಿನಿಂದ ಅಮ್ಮ ಫೋನಿನಲ್ಲಿ ‘ಜಗಳ ಬೇಡ ಮಗಾ, ಕೋರ್ಸ್ ಮುಗಿಯೋವರೆಗೆ ಹೇಗೋ ತಳ್ಳು’ ಎನ್ನುತ್ತಾಳೆ. ಅವನೂ ತಳ್ಳುತ್ತಾನೆ. ಡಿಗ್ರಿಗೆ ಮೂರು ವರ್ಷ. ಆಯೋಗಕ್ಕೆ ದೂರು ಕೊಡಲು ಇರುವುದು ಎರಡೇ ವರ್ಷ.